ಮಳೆಗಾಲದಲ್ಲಿ ಘಟ್ಟದ ದಾರಿ ಏಕೆ ಕೈಕೊಡುತ್ತದೆ? ಪುತ್ತೂರಿನ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಮನೆ ಪುತ್ತೂರಿನ ಹತ್ತಿರ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ತಾಯಿಗೆ ಹೃದಯದ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೇ ಆಗಿದ್ದರಿಂದ ಎರಡು ತಿಂಗಳಿಗೊಮ್ಮೆ ಅವರನ್ನು ತಪಾಸಣೆಗೆ ಕರೆತರಬೇಕು. ಕಳೆದ ಮಳೆಗಾಲದಲ್ಲಿ ಒಂದು ಸಲ ಟಿಕೆಟ್ ಮಾಡಿಸಿದ್ದ ರೈಲು ರದ್ದಾಯಿತು, ಶಿರಾಡಿ ಮುಚ್ಚಿತ್ತು, ಚಾರ್ಮಾಡಿಯಲ್ಲಿ ರಾತ್ರಿ ವಾಹನ ಬಿಡುತ್ತಿರಲಿಲ್ಲ. ಕೊನೆಗೆ ಮಡಿಕೇರಿ ಸುತ್ತಿ ಬಂದೆವು, ತಾಯಿ ಬಹಳ ಬಳಲಿದರು. ತಂದೆಯವರದು ಒಂದೇ ಮಾತು: ‘ಬ್ರಿಟಿಷರು ಮಾಡಿದ ಘಟ್ಟದ ರಸ್ತೆ ನಮ್ಮ ಕಾಲದಲ್ಲಿ ಒಂದು ದಿನವೂ ಜರಿದದ್ದಿಲ್ಲ, ಈಗಿನವರು ಕೆಡಿಸಿದರು.’ ಅಷ್ಟೂ ಕುಸಿತಕ್ಕೆ ರೈಲು ಮಾರ್ಗವೇ ಕಾರಣವೆಂದು ಊರಿನ ಕೆಲವರು ಹೇಳುತ್ತಾರೆ. ಸುರಂಗ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಇದರಲ್ಲಿ ನಿಜ ಎಷ್ಟು? ಮಳೆಗಾಲದಲ್ಲಿ ಯಾವ ದಾರಿಯನ್ನು ನಂಬಬಹುದು? ತಂದೆ-ತಾಯಿಯನ್ನು ಊರು ಬಿಡಿಸಿ ಬೆಂಗಳೂರಿಗೇ ಕರೆತಂದುಬಿಡಬೇಕೇ ಎಂಬ ಯೋಚನೆಯೂ ಬಂದಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಮುಂದಿನ ಮಳೆಗಾಲದಲ್ಲಿ ತಾಯಿಯನ್ನು ಸುರಕ್ಷಿತವಾಗಿ ಕರೆತರುವುದು ಹೇಗೆ ಎಂಬುದು ಮೊದಲನೆಯದು. ರಾಜಧಾನಿಗೂ ಕರಾವಳಿಗೂ ನಡುವೆ ಇಷ್ಟು ದಾರಿಗಳಿದ್ದೂ ಮಳೆಗಾಲದಲ್ಲಿ ಒಂದೂ ಒದಗುವುದಿಲ್ಲವಲ್ಲ ಎಂಬ ಸಿಟ್ಟು ಎರಡನೆಯದು. ಆ ಸಿಟ್ಟು ನ್ಯಾಯವಾದದ್ದೇ. ಘಟ್ಟದ ರಸ್ತೆಗಳ ಕೆಲಸದಲ್ಲೇ ವೃತ್ತಿಯ ಬಹುಭಾಗ ಕಳೆದ ಎಂಜಿನಿಯರ್ ಆಗಿ ಹೇಳುವುದಾದರೆ, ಅದರ ಕಾರಣ ಅರ್ಥವಾದರೆ ಮೊದಲ ಚಿಂತೆಗೂ ಅರ್ಧ ಉತ್ತರ ಸಿಕ್ಕಂತೆ. ಹಾಗಾಗಿ ತಂದೆಯವರ ಮಾತಿನಿಂದ ಆರಂಭಿಸುತ್ತೇನೆ.

ಹಳೆಯ ಘಟ್ಟದ ರಸ್ತೆಗಳು ಜರಿಯುತ್ತಲೇ ಇರಲಿಲ್ಲ ಎಂಬುದು ನಿಜವಲ್ಲ. ಪ್ರತಿ ಮಳೆಗಾಲದಲ್ಲೂ ಒಂದಲ್ಲ ಒಂದು ಕಡೆ ಧರೆ, ಅಂದರೆ ರಸ್ತೆಗಾಗಿ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ, ಕುಸಿಯುತ್ತಿತ್ತು, ಮೋರಿ ಕಟ್ಟಿಕೊಳ್ಳುತ್ತಿತ್ತು, ಗಾರೆಯಿಲ್ಲದ ಕಲ್ಲಿನ ಗೋಡೆ ಉಬ್ಬಿ ಬೀಳುತ್ತಿತ್ತು. ಆದರೆ ತಂದೆಯವರು ಹೇಳುವುದರಲ್ಲಿ ಸತ್ಯದ ಅಂಶ ಇಲ್ಲವೆನ್ನಲಾರೆ. ಕುಸಿತ ಸಣ್ಣದಾಗಿರುತ್ತಿತ್ತು. ಪ್ರತಿ ಕೆಲವು ಮೈಲಿಗೆ ಗ್ಯಾಂಗಿನ ಆಳುಗಳು ಗುದ್ದಲಿ ಬುಟ್ಟಿ ಹಿಡಿದು ರಸ್ತೆಯ ಮೇಲೆಯೇ ಇರುತ್ತಿದ್ದರು, ಮಣ್ಣು ಬಿದ್ದ ದಿನವೇ ತೆಗೆಯುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾದ ವಿಷಯವೆಂದರೆ, ಮಳೆಗಾಲದಲ್ಲಿ ಆ ದಾರಿಯನ್ನು ನೆಚ್ಚಿಕೊಂಡವರೇ ಕಡಿಮೆ.

ತುಳುನಾಡಿನವರಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಜಾತ್ರೆ ಕೋಲಗಳು ನಿಲ್ಲುತ್ತವೆ. ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲಿ ಮದುವೆ ಇಲ್ಲ, ದೂರ ಪ್ರಯಾಣವಿಲ್ಲ. ಕಡಲಿಗೆ ನೂಲ ಹುಣ್ಣಿಮೆಯಂದು ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುವ ಸಂಪ್ರದಾಯ. ಬಂದರು ಮುಚ್ಚಿರುವಾಗ ಘಟ್ಟದ ಮೇಲಿನಿಂದ ಸರಕು ಇಳಿಸಿ ಮಾಡುವುದೇನು? ಬೆನ್ನ ಮೇಲೆ ಸರಕು ಹೊರುವ ಹೇರೆತ್ತುಗಳ ಸಾಲು, ಆಮೇಲೆ ಬಂದ ಬಂಡಿಗಳು, ಎರಡೂ ನಡೆಯುತ್ತಿದ್ದುದು ಮುಖ್ಯವಾಗಿ ಮಳೆ ನಿಂತ ಮೇಲೆ. ಅಂದರೆ ಬೆಟ್ಟ ಅತ್ಯಂತ ದುರ್ಬಲವಾಗಿರುವ ಮೂರು ತಿಂಗಳು ಅದರ ಮೇಲೆ ಭಾರವೇ ಇರುತ್ತಿರಲಿಲ್ಲ. ಜರಿದರೂ ಅದು ಸುದ್ದಿಯಾಗುತ್ತಿರಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅಲ್ಲಿ ಸಿಕ್ಕಿಹಾಕಿಕೊಳ್ಳುವವರು ವಿರಳ.

ಎರಡನೆಯ ಸಂಗತಿ ಇನ್ನೂ ಹಳೆಯದು. ಒಂದು ಕಾಲಕ್ಕೆ ಕರಾವಳಿಯ ಒಂದೊಂದು ಬಂದರಿಗೂ ತನ್ನದೇ ಘಟ್ಟವಿತ್ತು, ಘಟ್ಟದ ಮೇಲೆ ತನ್ನದೇ ಸೀಮೆಯಿತ್ತು. ಅರಬ್ಬಿ ಕುದುರೆಗಳು ಭಟ್ಕಳದಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಗೇರುಸೊಪ್ಪೆಯ ಮೆಣಸು ಹೊನ್ನಾವರಕ್ಕೆ ಇಳಿಯುತ್ತಿತ್ತು. ಕೆಳದಿಯ ಅರಸರ ರಾಜಧಾನಿ ಬಿದನೂರಿಗೂ ಬಸರೂರಿನ ಕಡಲಿಗೂ ನಡುವಿನ ಕಣಿವೆಗಳೇ ಆ ರಾಜ್ಯದ ಬೊಕ್ಕಸ ತುಂಬಿದವು. ಮಂಗಳೂರಿನ ದಾರಿ ಶ್ರೀರಂಗಪಟ್ಟಣಕ್ಕೆ ಬೇಕಾಯಿತು. ಟಿಪ್ಪು 1792ರಲ್ಲಿ ಸಕಲೇಶಪುರದ ಬಳಿ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ, ಘಟ್ಟದ ಕೆಳಗೆ ಬೆಳ್ತಂಗಡಿಯ ಬಳಿ ಜಮಾಲಾಬಾದ್ ಕೋಟೆ ಎಬ್ಬಿಸಿದ. ಈ ಎರಡು ಕೋಟೆಗಳ ನೆಲೆಯನ್ನು ನಕ್ಷೆಯಲ್ಲಿ ಗುರುತಿಸಿ ನೋಡಿ. ಒಂದು ಇಂದಿನ ಶಿರಾಡಿ ದಾರಿಯ ನೆತ್ತಿಯಲ್ಲಿದೆ, ಇನ್ನೊಂದು ಚಾರ್ಮಾಡಿಯ ಬುಡದ ಕಡೆಗಿದೆ. ದಾರಿಯ ಬೆಲೆ ಅರಿತವರು ಕಟ್ಟಿಸಿದ ಕೋಟೆಗಳು ಅವು.

ಇನ್ನು ಬ್ರಿಟಿಷರ ವಿಷಯ. ಅವರು ಘಟ್ಟಗಳಲ್ಲಿ ಗಾಡಿದಾರಿ ಮಾಡಿದ್ದು ನಿಜ. ಮೈಸೂರು ಸೀಮೆಯ ಆಡಳಿತ 1831ರಲ್ಲಿ ಬ್ರಿಟಿಷ್ ಕಮಿಷನರ ಕೈಗೆ ಹೋದ ಮೇಲೆ, ವಿಶೇಷವಾಗಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ, ಹೇರೆತ್ತಿನ ಕಾಲುದಾರಿಗಳಿದ್ದಲ್ಲಿ ಬಂಡಿ ಹೋಗುವ ರಸ್ತೆಗಳಾದವು. ಆದರೆ ಅವು ನಿಮ್ಮ ನಮ್ಮಂಥವರ ಓಡಾಟಕ್ಕಾಗಿ ಆದವಲ್ಲ. ಮಂಜರಾಬಾದ್ ಮತ್ತು ಕೊಡಗಿನ ಕಾಫಿ ಮಂಗಳೂರಿನ ಕಾಫಿ ಸಂಸ್ಕರಣಾ ಕಾರ್ಖಾನೆಗಳಿಗೆ ಇಳಿಯಬೇಕಿತ್ತು. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಸೇರಬೇಕಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ದಾರಿಗೆ ಚಿನ್ನದ ಬೆಲೆ ಬಂತು, ಕುಮಟಾದ ಹೆಸರು ವಿದೇಶಿ ಹತ್ತಿ ಮಾರುಕಟ್ಟೆಯಲ್ಲೂ ಓಡಾಡಿತು. ಮುಂದೆ 1880ರ ದಶಕದಲ್ಲಿ ಹುಬ್ಬಳ್ಳಿ ಕಡೆಯಿಂದ ಕ್ಯಾಸಲ್‌ರಾಕ್ ಮೂಲಕ ಗೋವೆಯ ಮೊರ್ಮುಗಾವೋ ಬಂದರಿಗೆ ರೈಲು ಇಳಿಯಿತು. ಹತ್ತಿ ಅತ್ತ ತಿರುಗಿತು, ಕುಮಟಾ ಮತ್ತು ಕಾರವಾರದ ವ್ಯಾಪಾರ ಸೊರಗಿತು. ಒಂದು ಮಾರ್ಗ ಊರನ್ನು ಬೆಳೆಸುವಷ್ಟೇ ಬೇಗ ಅದನ್ನು ಬರಿದೂ ಮಾಡುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ರೈಲಿನ ಕತೆಯಲ್ಲಿ ನಿಮ್ಮ ಸಮಸ್ಯೆಯ ಬೇರು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಮದರಾಸಿನ ಕಡೆಯಿಂದ, ಜೋಲಾರ್‌ಪೇಟೆಯ ಮೂಲಕ. 1876-78ರ ಭೀಕರ ಬರಗಾಲದಲ್ಲಿ ಜನರಿಗೆ ಕೂಲಿ ಒದಗಿಸುವ ಕೆಲಸವಾಗಿಯೂ ಕೈಗೆತ್ತಿಕೊಂಡ ಮೈಸೂರು ಮಾರ್ಗ 1882ರ ಹೊತ್ತಿಗೆ ಮುಗಿಯಿತು. ಮಂಗಳೂರಿಗೆ 1907ರಲ್ಲಿ ರೈಲು ಬಂತು, ಅದೂ ಮದರಾಸಿನ ಕಡೆಯಿಂದ, ಶೊರನೂರು ಸುತ್ತಿ. ಕಾರಣ ಸರಳ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು, ಉತ್ತರ ಕನ್ನಡ ಮತ್ತು ಧಾರವಾಡ ಮುಂಬಯಿಗೆ ಸೇರಿದ್ದವು, ಮೈಸೂರು ಬೇರೆ, ಕೊಡಗು ಬೇರೆ, ಕಲಬುರಗಿ ಸೀಮೆ ನಿಜಾಮರದು. ಎಲ್ಲ ಹಳಿಗಳೂ ಅವರವರ ಯಜಮಾನರ ರಾಜಧಾನಿಯ ಕಡೆಗೆ ಅಥವಾ ಬಂದರಿನ ಕಡೆಗೆ ಹರಿದವು. ಘಟ್ಟದ ಮೇಲಿನ ಕನ್ನಡದ ಊರಿನಿಂದ ಕರಾವಳಿಯ ಕನ್ನಡದ ಊರಿಗೆ ಹೋಗುವುದು ಯಾರ ಲೆಕ್ಕದಲ್ಲೂ ಇರಲಿಲ್ಲ. 1956ರಲ್ಲಿ ರಾಜ್ಯ ಒಂದಾದಾಗ ಭೂಪಟ ಸೇರಿತು, ದಾರಿ ಸೇರಲಿಲ್ಲ. ಹಾಸನ-ಮಂಗಳೂರು ರೈಲು ಮಾರ್ಗ ಪೂರ್ಣವಾದದ್ದು 1979ರಲ್ಲಿ. ಮಂಗಳೂರಿಗೆ ರೈಲು ಬಂದು ಎಪ್ಪತ್ತೆರಡು ವರ್ಷ ಕಳೆದ ಮೇಲೆ ಆ ಊರಿನವರಿಗೆ ಕೇರಳ-ತಮಿಳುನಾಡು ಸುತ್ತದೆ ಬೆಂಗಳೂರಿಗೆ ರೈಲಿನಲ್ಲಿ ಹೋಗುವುದು ಸಾಧ್ಯವಾಯಿತು. ಅದೂ ಹೆಚ್ಚು ಕಾಲ ಉಳಿಯಲಿಲ್ಲ. ಕಿರಿದಾದ ಮೀಟರ್‌ಗೇಜ್ ಹಳಿಯನ್ನು ಅಗಲವಾದ ಬ್ರಾಡ್‌ಗೇಜ್ ಮಾಡಲು 1990ರ ದಶಕದಲ್ಲಿ ಮಾರ್ಗ ಮುಚ್ಚಿ, ಪ್ರಯಾಣಿಕರ ರೈಲು ಮತ್ತೆ ಓಡಲು 2007ರ ಡಿಸೆಂಬರ್ ಬರಬೇಕಾಯಿತು. ಕುಣಿಗಲ್-ಶ್ರವಣಬೆಳಗೊಳದ ಮೇಲಿನ ನೇರ ಮಾರ್ಗ ಸೇರಿಕೊಂಡದ್ದು 2017ರಲ್ಲಿ.

ಈ ಇತಿಹಾಸವನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಹಿಂದೆ ಹತ್ತಾರು ಘಟ್ಟಗಳು ಹಂಚಿಕೊಂಡ ಕೆಲಸ ಈಗ ಒಂದೆರಡರ ಮೇಲೆ ಬಿದ್ದಿದೆ. ಎಲ್ಲರಿಗೂ ಬೆಂಗಳೂರು ಬೇಕು. 1970ರ ದಶಕದಲ್ಲಿ ನವಮಂಗಳೂರು ಬಂದರು ಶುರುವಾದ ಮೇಲೆ ಭಾರೀ ಸರಕಿಗೂ ಇದೇ ದಾರಿ ಬೇಕಾಯಿತು. ಪೆಟ್ರೋಲು, ಅಡುಗೆ ಅನಿಲದ ಟ್ಯಾಂಕರುಗಳು, ಕಂಟೇನರ್ ಲಾರಿಗಳು, ರಾತ್ರಿಯ ಬಸ್ಸುಗಳ ಸಾಲು, ಎಲ್ಲವೂ ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿಯಲ್ಲೇ ಹತ್ತಿಳಿಯುತ್ತವೆ. ಎತ್ತಿನ ಬಂಡಿ ಒಂದು ಟನ್ ಹೊತ್ತರೆ ಹೆಚ್ಚು. ಈಗಿನ ಬಹು ಅಚ್ಚಿನ ಲಾರಿ ನಲವತ್ತು ಟನ್ ದಾಟುತ್ತದೆ, ಮಳೆಗಾಲದ ನಡುರಾತ್ರಿಯಲ್ಲೂ ನಿಲ್ಲುವುದಿಲ್ಲ. ರೈಲಿನ ಸ್ಥಿತಿ ಇನ್ನೂ ಇಕ್ಕಟ್ಟು. ಕರ್ನಾಟಕದ ಕರಾವಳಿಯಿಂದ ನೇರವಾಗಿ ಘಟ್ಟ ಹತ್ತುವ ಹಳಿ ಇರುವುದು ಒಂದೇ ಕಡೆ, ಸುಬ್ರಹ್ಮಣ್ಯ ರೋಡ್-ಸಕಲೇಶಪುರದ ನಡುವೆ. ಅದೂ ಒಂಟಿ ಹಳಿ.

ಈಗ ಬೆಟ್ಟ ಜರಿಯುವುದೇಕೆ ಎಂಬ ಪ್ರಶ್ನೆಗೆ ಬರೋಣ. ಪಶ್ಚಿಮ ಘಟ್ಟದ ಒಳಗಿನ ಬಂಡೆ ಬಹಳ ಗಟ್ಟಿಯಾದದ್ದು. ಆದರೆ ಅದರ ಮೇಲೆ ಯುಗಯುಗಗಳ ಮಳೆ ಬಿಸಿಲಿಗೆ ಶಿಥಿಲವಾದ ಮಣ್ಣಿನ ದಪ್ಪ ಹೊದಿಕೆಯಿದೆ, ಹಲವೆಡೆ ಮೀಟರುಗಟ್ಟಲೆ ಆಳ. ದಿನಗಟ್ಟಲೆ ಮಳೆ ಸುರಿದಾಗ ನೀರು ಈ ಮಣ್ಣಿನಲ್ಲಿ ಇಳಿದು ಕೆಳಗಿನ ಬಂಡೆಯನ್ನು ಮುಟ್ಟಿ ಅದರ ಮೇಲೆಯೇ ಹರಿಯತೊಡಗುತ್ತದೆ. ಮಣ್ಣಿನ ಭಾರ ಏರುತ್ತದೆ, ಬಂಡೆಯ ಮೇಲಿನ ಅದರ ಹಿಡಿತ ಸಡಿಲವಾಗುತ್ತದೆ. ಅದೇ ಹೊತ್ತಿಗೆ ಬುಡದಲ್ಲಿ ಆಧಾರವೂ ಇಲ್ಲದಿದ್ದರೆ ಇಡೀ ಹೊದಿಕೆ ಜಾರುತ್ತದೆ. ಕಣದಲ್ಲಿ ಹಾಕಿದ ಭತ್ತದ ರಾಶಿಯ ಬುಡದಿಂದ ಒಂದು ಮೊರ ತೆಗೆದರೆ ನೆತ್ತಿಯಿಂದ ಭತ್ತ ಇಳಿದುಬರುವ ಹಾಗೆ. ರಸ್ತೆ ಅಗಲ ಮಾಡಲು ಗುಡ್ಡದ ಬುಡ ಕಡಿದಾಗ ನಾವು ಮಾಡುವುದು ಇದನ್ನೇ.

ಹಳೆಯ ಗಾಡಿದಾರಿ ಬೆಟ್ಟದ ಮಗ್ಗುಲನ್ನು ಅನುಸರಿಸಿ ಬಳಸಿ ಬಳಸಿ ಹೋಗುತ್ತಿತ್ತು. ಬಂಡಿಯೊಂದರ ಅಗಲಕ್ಕೆ ಕಡಿದರೆ ಸಾಕಿತ್ತು, ಧರೆ ಆಳೆತ್ತರ ದಾಟುತ್ತಿದ್ದುದು ಕಡಿಮೆ. ನಾಲ್ಕು ಪಥ ಬೇಕೆಂದಾಗ ಅದೇ ಇಳಿಜಾರಿನಲ್ಲಿ ಹಲವು ಪಟ್ಟು ಅಗಲ ಕಡಿಯಬೇಕಾಗುತ್ತದೆ, ಧರೆ ಮೂರು ನಾಲ್ಕು ಅಂತಸ್ತಿನ ಕಟ್ಟಡದಷ್ಟು ಎತ್ತರಕ್ಕೆ ಏರುತ್ತದೆ. ಅಂಥ ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸುತ್ತ ಕಡಿಯಬೇಕು, ನೆತ್ತಿಯಲ್ಲಿ ನೀರು ಬೇರೆಡೆಗೆ ತಿರುಗಿಸುವ ಚರಂಡಿ ತೆಗೆಯಬೇಕು, ಒಳಗಿನ ಒಸರು ಹೊರಬರಲು ತೂತು ಕೊರೆದು ಕೊಳವೆ ಇಡಬೇಕು, ಅಗತ್ಯವಿದ್ದಲ್ಲಿ ಕಬ್ಬಿಣದ ಸರಳುಗಳನ್ನು ಬಂಡೆಯವರೆಗೆ ಇಳಿಸಿ ಬಿಗಿಯಬೇಕು. ಇದು ಯಾರಿಗೂ ಗೊತ್ತಿಲ್ಲದ ವಿದ್ಯೆಯಲ್ಲ. ಆದರೂ ಲಂಬವಾಗಿ ಕಡಿದ ಧರೆಗಳನ್ನು ನೀವು ಹೋಗುತ್ತ ಬರುತ್ತ ನೋಡುತ್ತೀರಿ. ಏಕೆಂದರೆ ಮೆಟ್ಟಿಲು ಮಾಡಲು ಮೇಲ್ಗಡೆ ಜಾಗ ಬೇಕು. ಮೇಲ್ಗಡೆ ಇರುವುದು ಕಾಡು, ಇಲ್ಲವೇ ಯಾರದೋ ಕಾಫಿ ತೋಟ. ಕಾಡಿಗೆ ಅನುಮತಿ ಬೇಕು, ತೋಟಕ್ಕೆ ಪರಿಹಾರ ಕೊಡಬೇಕು, ಎರಡಕ್ಕೂ ವರ್ಷಗಳು ಬೇಕು. ಕಾಮಗಾರಿಗೆ ಗಡುವು ಇರುತ್ತದೆ. ಸಿಕ್ಕ ಜಾಗದಲ್ಲಿ ನೇರ ಕಡಿದು ‘ಆಮೇಲೆ ಗೋಡೆ ಕಟ್ಟೋಣ’ ಎಂದು ಮುಂದಕ್ಕೆ ಹೋಗುತ್ತಾರೆ. ಗೋಡೆಗೆ ಮುಂಚೆ ಜೂನ್ ಬರುತ್ತದೆ. 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲೆಯಲ್ಲಿ ಮತ್ತೆ ಮತ್ತೆ ಮಣ್ಣು ಬಿದ್ದದ್ದು, ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡವೇ ಇಳಿದು ಜೀವಗಳು ಹೋದದ್ದು ಎರಡೂ ನಿಮಗೆ ನೆನಪಿರಬಹುದು. ಅಗಲೀಕರಣಕ್ಕೆ ಕಡಿದ ಧರೆ, ಅದರ ಮೇಲೆ ದಿನಗಟ್ಟಲೆ ಮಳೆ. ಇದು ಮತ್ತೆ ಮತ್ತೆ ಕಾಣುವ ಜೋಡಿ, ನನಗೆ ನಿಜವಾಗಿ ನೋವು ಕೊಡುವ ಸಂಗತಿ, ಏಕೆಂದರೆ ಎಲ್ಲಿ ಜರಿಯಬಹುದೆಂದು ಅನುಭವಸ್ಥರ ಕಣ್ಣಿಗೆ ಬೇಸಗೆಯಲ್ಲೇ ಕಾಣುತ್ತದೆ.

ಕಾಂಕ್ರೀಟ್ ಹಾಕಿದ ಮೇಲೂ ಹೀಗೇಕೆ ಎಂದು ಅನೇಕರು ಕೇಳುತ್ತಾರೆ. ಶಿರಾಡಿಯನ್ನು 2015ರಲ್ಲಿ ಒಂದು ಭಾಗ, 2018ರಲ್ಲಿ ಇನ್ನೊಂದು ಭಾಗ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಮಾಡಿದರು. ಆ ಕೆಲಸದಿಂದ ಗುಂಡಿಗಳ ಕಾಟ ಹೋಯಿತು, ಅದು ದೊಡ್ಡ ಉಪಕಾರವೇ. ಆದರೆ ಕಾಂಕ್ರೀಟ್ ಚಕ್ರದ ಕೆಳಗಿನ ಸಮಸ್ಯೆಗೆ ಮದ್ದು, ಮೇಲಿನ ಗುಡ್ಡಕ್ಕಲ್ಲ. 2018ರ ಜುಲೈಯಲ್ಲಿ ರಸ್ತೆ ತೆರೆಯಿತು, ಆಗಸ್ಟಿನ ಮಹಾಮಳೆಗೆ ಗುಡ್ಡ ಬಂದು ಅದರ ಮೇಲೆ ಕೂತಿತು.

ರೈಲು ಮಾರ್ಗವೇ ಎಲ್ಲಕ್ಕೂ ಕಾರಣವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಏರು ಐವತ್ತಕ್ಕೆ ಒಂದು, ಅಂದರೆ ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರಿಕೆ. ಅಷ್ಟು ಕಡಿದಾದ ಕಣಿವೆಯಲ್ಲಿ ಹಳಿ ಹಾಕುವಾಗ ಬೆಟ್ಟಕ್ಕೆ ಪೆಟ್ಟು ಬಿದ್ದದ್ದು ನಿಜ, ಕಡಿತದ ಮಣ್ಣು ಕಣಿವೆಗೆ ಸುರಿದದ್ದೂ ಒಳ್ಳೆಯದಾಗಲಿಲ್ಲ. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಹಳಿಯಾಗಲಿ ಹೆದ್ದಾರಿಯಾಗಲಿ ಇಲ್ಲದ ಇಳಿಜಾರುಗಳೂ ಜರಿದವು. ಹಳಿಯ ಮೇಲೆ ಬೀಳುವ ಮಣ್ಣಿಗೂ ಶಿರಾಡಿ ರಸ್ತೆಯ ಮೇಲೆ ಬೀಳುವ ಮಣ್ಣಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ, ಎರಡೂ ಬೇರೆ ಬೇರೆ ಇಳಿಜಾರುಗಳು. ಒಂದೇ ಮಳೆಗೆ ಎರಡೂ ಜರಿಯುವುದರಿಂದ ಒಂದು ಇನ್ನೊಂದಕ್ಕೆ ಕಾರಣವೆಂಬಂತೆ ತೋರುತ್ತದೆ.

ನಿಮಗೆ ಈಗ ಬೇಕಾದದ್ದು ದಾರಿಗಳ ಲೆಕ್ಕ. ಪುತ್ತೂರಿನವರಿಗೆ ಒಂದು ಅನುಕೂಲವಿದೆ. ಮೂರು ಘಟ್ಟಗಳು ಕೈಗೆಟುಕುವ ದೂರದಲ್ಲಿವೆ, ಜೊತೆಗೆ ಕಬಕ ಪುತ್ತೂರು ರೈಲು ನಿಲ್ದಾಣ ಊರಲ್ಲೇ ಇದೆ.

ಹೃದಯದ ಶಸ್ತ್ರಚಿಕಿತ್ಸೆಯಾದ ಹಿರಿಯರಿಗೆ, ಮಾರ್ಗ ತೆರೆದಿರುವಾಗ, ರೈಲೇ ಎಲ್ಲಕ್ಕಿಂತ ಒಳ್ಳೆಯದು. ಮಲಗಿಕೊಂಡು ಬರಬಹುದು, ಶೌಚಾಲಯವಿದೆ, ತಿರುವುಗಳ ವಾಂತಿಯ ಕಾಟವಿಲ್ಲ. ಘಟ್ಟದಲ್ಲಿ ಅದು ತೆವಳುವಂತೆ ಚಲಿಸುತ್ತದೆ, ಆ ನಿಧಾನವೇ ಸುರಕ್ಷತೆ. ಮಳೆಗಾಲದಲ್ಲಿ ಹಳಿಯುದ್ದಕ್ಕೂ ಕಾವಲು ಸಿಬ್ಬಂದಿ ಹಗಲು ರಾತ್ರಿ ನಡೆದು ನೋಡುತ್ತಾರೆ. ರೈಲಿನ ದೋಷ ಬೇರೆಯದು. ರಸ್ತೆಯ ಮೇಲೆ ಮಣ್ಣು ಬಿದ್ದರೆ ಅನೇಕ ಸಲ ಗಂಟೆಗಳಲ್ಲಿ ಒಂದು ಬದಿಯಾದರೂ ತೆರೆಯುತ್ತದೆ. ಯಡಕುಮೇರಿ, ಕಡಗರವಳ್ಳಿಯಂಥ ಕಡೆ ಹಳಿಯ ಕೆಳಗಿನ ಮಣ್ಣೇ ಕೊಚ್ಚಿ ಹೋದರೆ ಅಲ್ಲಿಗೆ ಯಂತ್ರ ತಲುಪಿಸುವುದೇ ದೊಡ್ಡ ಕೆಲಸ. ಬಹುಪಾಲು ಸಾಮಗ್ರಿ ಹಳಿಯ ಮೇಲೆಯೇ ಬರಬೇಕು. ಹಾಗಾಗಿ ಮುಚ್ಚಿದರೆ ದಿನಗಟ್ಟಲೆ ಮುಚ್ಚುತ್ತದೆ. 2018ರಲ್ಲಿ ವಾರಗಟ್ಟಲೆ ಮುಚ್ಚಿತ್ತು, 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ-ಯಡಕುಮೇರಿ ನಡುವೆ ಹೀಗೆಯೇ ಆಯಿತು. ಬದಲಿ ಹಳಿಯೆಂದರೆ ಪಾಲಕ್ಕಾಡ್, ಸೇಲಂ ಸುತ್ತಿ ಬರುವುದು. ನಿಮ್ಮ ತಾಯಿಗೆ ಅದು ಬೇಡ. ಹಾಗಾಗಿ ಟಿಕೆಟ್ ಮಾಡಿಸಿ, ಆದರೆ ವೈದ್ಯರ ಸಮಯವನ್ನು ರೈಲು ತಲುಪುವ ದಿನಕ್ಕೇ ಗೊತ್ತು ಮಾಡಬೇಡಿ. ಎರಡು ದಿನದ ಅಂತರ ಇಟ್ಟುಕೊಳ್ಳಿ.

ರಸ್ತೆಯಾದರೆ ಶಿರಾಡಿಯೇ ಮೊದಲ ಆಯ್ಕೆ, ಒಂದು ಷರತ್ತಿನ ಮೇಲೆ: ಹಗಲಿನಲ್ಲಿ ಮಾತ್ರ. ಪುತ್ತೂರಿನಿಂದ ಬೆಳಿಗ್ಗೆ ಆರರ ಒಳಗೆ ಹೊರಟರೆ ಉಪ್ಪಿನಂಗಡಿ, ಗುಂಡ್ಯ ದಾಟಿ ಘಟ್ಟವನ್ನು ಬೆಳಕಿನಲ್ಲೇ ಹತ್ತಿ ಮುಗಿಸಬಹುದು. ರಾತ್ರಿ ಬಸ್ಸು ಅನುಕೂಲವೆಂಬುದು ನನಗೆ ಗೊತ್ತು, ರಜೆ ಉಳಿಯುತ್ತದೆ. ಆದರೆ ಮಳೆಗಾಲದ ರಾತ್ರಿ ಧರೆಯಲ್ಲಿ ಬಿರುಕು ಬಿಟ್ಟದ್ದು ಚಾಲಕನಿಗೆ ಕಾಣುವುದಿಲ್ಲ, ಸಿಕ್ಕಿಹಾಕಿಕೊಂಡರೆ ಸಹಾಯ ಬೆಳಗಾಗುವವರೆಗೆ ಬರುವುದಿಲ್ಲ. ಹೃದ್ರೋಗಿಯೊಬ್ಬರನ್ನು ಅಂಥ ಸ್ಥಿತಿಗೆ ಒಡ್ಡಬಾರದು.

ಎರಡನೆಯದು ಸಂಪಾಜೆ, ಅಂದರೆ ಹೆದ್ದಾರಿ 275. ಸುಳ್ಯ, ಮಡಿಕೇರಿ, ಕುಶಾಲನಗರ, ಮೈಸೂರು. ದೂರ ಹೆಚ್ಚು. ಮಡಿಕೇರಿಯವರೆಗೆ ಏರು ತಿರುವು ಬಳಲಿಸುತ್ತದೆ, ನಿಮ್ಮ ತಾಯಿಯ ಅನುಭವವೂ ಅದೇ. ಆದರೆ ಶಿರಾಡಿಯಲ್ಲಿರುವಷ್ಟು ಭಾರೀ ಲಾರಿಗಳಿಲ್ಲ, ಮೈಸೂರಿನಿಂದ ಮುಂದೆ 2023ರಲ್ಲಿ ತೆರೆದ ಹೊಸ ಹೆದ್ದಾರಿ ಆರಾಮದ್ದು. ಈ ದಾರಿಯಲ್ಲಿ ಬರುವುದಾದರೆ ಒಂದೇ ದಿನ ಬೆಂಗಳೂರು ಮುಟ್ಟುವ ಹಟ ಬಿಡಿ. ಮೈಸೂರಿನಲ್ಲಿ ರಾತ್ರಿ ತಂಗಿ ಮರುದಿನ ಬನ್ನಿ. ಕಳೆದ ವರ್ಷದ ಬಳಲಿಕೆಗೆ ದಾರಿಗಿಂತ ಒಂದೇ ಉಸಿರಿನ ಪ್ರಯಾಣ ಹೆಚ್ಚು ಕಾರಣವಾಗಿರಬೇಕು. ಸಂಪಾಜೆಯೂ 2018ರಲ್ಲಿ ಕಡಿದುಹೋಗಿತ್ತು ಎಂಬುದನ್ನು ಮರೆಯಬೇಡಿ.

ಚಾರ್ಮಾಡಿ ಕಿರಿದಾದ ದಾರಿ, 2019ರ ಮಳೆಗೆ ಬಹಳ ಹಾನಿಗೊಂಡದ್ದು. ಮಳೆಗಾಲದಲ್ಲಿ ರಾತ್ರಿ ಸಂಚಾರಕ್ಕೂ ಭಾರೀ ವಾಹನಕ್ಕೂ ಆಗಾಗ ನಿರ್ಬಂಧವಿರುತ್ತದೆ. ಶಿರಾಡಿ ಮುಚ್ಚಿದ ದಿನ ಎಲ್ಲ ಕಾರುಗಳೂ ಇಲ್ಲಿಗೆ ನುಗ್ಗುವುದರಿಂದ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಬೇಕಾಗಬಹುದು. ತಾಯಿ ಜೊತೆಗಿದ್ದಾಗ ಇದು ಕೊನೆಯ ಆಯ್ಕೆ. ಬಿಸಿಲೆ ಘಟ್ಟದ ದಾರಿಯನ್ನು ಮೊಬೈಲ್ ನಕ್ಷೆ ತೋರಿಸಿದರೂ ಮಳೆಗಾಲದಲ್ಲಿ ಹೋಗಬೇಡಿ. ನಕ್ಷೆಗೆ ದೂರ ಗೊತ್ತು, ಬಿದ್ದ ಮರ ಗೊತ್ತಿಲ್ಲ. ತೋಟದ ಒಳದಾರಿಗಳಿಗೂ ಇದೇ ಮಾತು.

ತುರ್ತು ಸಂದರ್ಭಕ್ಕೆ ವಿಮಾನವಿದೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಒಂದು ಗಂಟೆಯ ಹಾರಾಟ. ಕೊನೆಯ ಗಳಿಗೆಯಲ್ಲಿ ದರ ಏರುತ್ತದೆ, ಜೋರು ಮಳೆಯಲ್ಲಿ ವಿಮಾನ ಬೇರೆಡೆಗೆ ತಿರುಗುವುದೂ ಉಂಟು. ಆದರೂ ಎಲ್ಲ ಘಟ್ಟಗಳೂ ಮುಚ್ಚಿದ ದಿನ ಉಳಿಯುವ ದಾರಿ ಅದೊಂದೇ. ಹಾರಾಟ ಅವರಿಗೆ ಆಗುತ್ತದೆಯೇ ಎಂದು ಹೃದಯ ವೈದ್ಯರನ್ನು ಈಗಲೇ ಕೇಳಿ, ಬರೆಸಿ ಇಟ್ಟುಕೊಳ್ಳಿ.

ಹೊರಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವಾಗ ಆ ದಿನದ ಮಳೆಗಿಂತ ಹಿಂದಿನ ಮೂರು ನಾಲ್ಕು ದಿನಗಳ ಮಳೆಯನ್ನು ನೋಡಿ. ಬೆಟ್ಟ ನೀರು ಕುಡಿಯಲು ಸಮಯ ಬೇಕು, ಬಿಡಲೂ ಸಮಯ ಬೇಕು. ವಾರ ಸುರಿದು ಮಳೆ ನಿಂತ ಮರುದಿನ ಆಕಾಶ ತಿಳಿಯಾಗಿದ್ದರೂ ಧರೆ ಜರಿಯಬಹುದು. ಹವಾಮಾನ ಇಲಾಖೆ ದಕ್ಷಿಣ ಕನ್ನಡಕ್ಕೋ ಹಾಸನಕ್ಕೋ ಕೊಡಗಿಗೋ ರೆಡ್ ಅಲರ್ಟ್ ಕೊಟ್ಟಿದ್ದರೆ ಅಂದೂ ಮರುದಿನವೂ ಹೊರಡಬೇಡಿ. ದಾರಿಯಲ್ಲಿರುವಾಗ ಧರೆಯಿಂದ ತಿಳಿನೀರು ಇಳಿಯುತ್ತಿದ್ದರೆ ಸಹಜ. ಅದೇ ನೀರು ಒಮ್ಮೆಲೇ ಕೆಂಪು ಕೆಸರಾದರೆ, ಸಣ್ಣ ಕಲ್ಲುಗಳು ಉರುಳತೊಡಗಿದರೆ, ಮರಗಳು ರಸ್ತೆಯ ಕಡೆಗೆ ಹೊಸದಾಗಿ ವಾಲಿದ್ದರೆ, ಮುಂದೆ ಹೋಗದೆ ಹಿಂದಿರುಗಿ. ಸಾಲಿನಲ್ಲಿ ನಿಲ್ಲಬೇಕಾಗಿ ಬಂದರೂ ಹೊಸದಾಗಿ ಕಡಿದ ಧರೆಯ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ, ನೂರು ಮೀಟರ್ ಹಿಂದೆಯೇ ಉಳಿಯಿರಿ. ಶಿರಾಡಿಯಲ್ಲಿ ಮಣ್ಣು ಬಿದ್ದದ್ದನ್ನು ನೋಡಲು ಇಳಿದು ಹತ್ತಿರ ಹೋಗುವವರು ಬಹಳ. ಮೊದಲ ಕುಸಿತದ ಹಿಂದೆಯೇ ಎರಡನೆಯದು ಬರುವುದು ಸಾಮಾನ್ಯ.

ಸುರಂಗದ ಮೇಲೆ ನಿಮ್ಮ ಯೋಜನೆಯನ್ನು ಕಟ್ಟಬೇಡಿ. ಶಿರಾಡಿಯಲ್ಲಿ ಸುರಂಗ ಮತ್ತು ಸೇತುವೆಗಳ ಸರಣಿಯೊಂದನ್ನು, ಸುಮಾರು 23 ಕಿಲೋಮೀಟರ್ ಉದ್ದಕ್ಕೆ, ಮಾಡಬೇಕೆಂಬ ಪ್ರಸ್ತಾಪ ಒಂದು ದಶಕಕ್ಕಿಂತ ಹಳೆಯದು. ತತ್ತ್ವತಃ ನಾನು ಅದರ ವಿರೋಧಿಯಲ್ಲ. ಒಳಗಿನ ಗಟ್ಟಿ ಬಂಡೆಯಲ್ಲಿ ಹೋಗುವ ಸುರಂಗ ಮೇಲಿನ ಸಡಿಲ ಮಣ್ಣನ್ನು ಕಡಿಯುವ ಅಗಲ ರಸ್ತೆಗಿಂತ ಬೆಟ್ಟಕ್ಕೆ ಕಡಿಮೆ ಗಾಯ ಮಾಡಬಲ್ಲದು. ಆದರೆ ಸುರಂಗದ ಬಾಯಿ ಯಾವಾಗಲೂ ಸಡಿಲ ಮಣ್ಣಿನಲ್ಲೇ ಇರುತ್ತದೆ, ಸೇತುವೆಯ ಕಂಬಗಳು ಕಣಿವೆಯಲ್ಲೇ ನಿಲ್ಲಬೇಕು. ಅಗೆದ ಬಂಡೆಯ ರಾಶಿಯನ್ನು ಕೆಂಪುಹೊಳೆಯ ಕಣಿವೆಗೆ ಸುರಿಯದೆ ಹೊರಗೆ ಸಾಗಿಸುವ ಖಾತರಿ ಬೇಕು. ಆನೆಗಳ ಓಡಾಟದ ನೆಲ ಅದು, ನೇತ್ರಾವತಿಗೆ ನೀರು ಕೊಡುವ ತೊರೆಗಳ ನೆಲ. ಒಳಗಿನ ಜಲದ ಹರಿವನ್ನು ಸರಿಯಾಗಿ ಅಳೆಯದೆ ಕೊರೆದರೆ ಮೇಲಿನ ಒಸರುಗಳು ಬತ್ತುತ್ತವೆ. ಇಷ್ಟನ್ನೂ ಸರಿಯಾಗಿ ಮಾಡಿ ಮುಗಿಸಲು ಹಲವು ವರ್ಷಗಳು ಬೇಕು. ಅದಕ್ಕಿಂತ ಬಹಳ ಕಡಿಮೆ ಹಣದಲ್ಲಿ ಈಗಲೇ ಮಾಡಬಹುದಾದದ್ದು ಇದೆ: ಇರುವ ಧರೆಗಳ ಇಳುಕಲನ್ನು ಸರಿಪಡಿಸುವುದು, ಏಪ್ರಿಲ್‌ನಲ್ಲೇ ಮೋರಿ ಚರಂಡಿ ಬಿಡಿಸುವುದು, ಕಾಯಂ ಗ್ಯಾಂಗುಗಳನ್ನು ಮತ್ತೆ ನೇಮಿಸುವುದು, ಸಂಪಾಜೆ ಮತ್ತು ಚಾರ್ಮಾಡಿಯನ್ನು ಅಗಲ ಮಾಡದೆಯೇ ಗಟ್ಟಿ ಮಾಡುವುದು. ಭಾರ ಮತ್ತೆ ಹಲವು ಘಟ್ಟಗಳಿಗೆ ಹಂಚಿಹೋಗಬೇಕು. ಈ ಬೇಡಿಕೆಯನ್ನು ನಿಮ್ಮ ಪಂಚಾಯಿತಿಯಿಂದ ಸಂಸದರವರೆಗೆ ಎಲ್ಲರ ಮುಂದೆಯೂ ಇಡಿ. ಹೊಸ ಯೋಜನೆ ಕೇಳುವವರು ಅನೇಕರಿದ್ದಾರೆ, ಚರಂಡಿ ಬಿಡಿಸಿ ಎಂದು ಒತ್ತಾಯಿಸುವವರು ಬೇಕಾಗಿದ್ದಾರೆ.

ಕೊನೆಯದಾಗಿ, ಊರು ಬಿಡಿಸುವ ಪ್ರಶ್ನೆ. ರಸ್ತೆಯ ಕಾರಣವೊಂದಕ್ಕೇ ಆದರೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ವರ್ಷದ ಆರು ತಪಾಸಣೆಗಳಲ್ಲಿ ಘಟ್ಟದ ಭಯವಿರುವುದು ಒಂದಕ್ಕೆ ಅಥವಾ ಎರಡಕ್ಕೆ. ಜೂನ್ ಮೊದಲ ವಾರದೊಳಗೆ ಒಂದು ಸಲ ಬೆಂಗಳೂರಿಗೆ ಕರೆತನ್ನಿ, ಮುಂದಿನದನ್ನು ಅಕ್ಟೋಬರಿಗೆ ಇಡಿ. ನಡುವಿನ ಆಗಸ್ಟ್ ತಪಾಸಣೆಯನ್ನು ಮಂಗಳೂರಿನಲ್ಲೇ ಮಾಡಿಸಬಹುದೇ ಎಂದು ಈಗಿನ ವೈದ್ಯರನ್ನು ಕೇಳಿ. ಹೃದ್ರೋಗ ತಜ್ಞರೂ ದೊಡ್ಡ ಆಸ್ಪತ್ರೆಗಳೂ ಅಲ್ಲಿವೆ, ನಡುವೆ ಘಟ್ಟವಿಲ್ಲ. ವೈದ್ಯರು ಒಪ್ಪಿದರೆ ಅವರಿಂದ ಒಂದು ಪತ್ರ, ಶಸ್ತ್ರಚಿಕಿತ್ಸೆಯ ಸಾರಾಂಶ, ಈಗಿನ ಔಷಧಿಗಳ ಪಟ್ಟಿ ಮತ್ತು ಇತ್ತೀಚಿನ ವರದಿಗಳ ಪ್ರತಿ ತೆಗೆದುಕೊಂಡು, ಮಳೆ ಶುರುವಾಗುವ ಮುಂಚೆಯೇ ಮಂಗಳೂರಿನ ವೈದ್ಯರೊಬ್ಬರಿಗೆ ತಾಯಿಯನ್ನು ಒಮ್ಮೆ ತೋರಿಸಿಬಿಡಿ. ಒಪ್ಪದೆ, ಪ್ರತಿ ತಪಾಸಣೆಯೂ ಬೆಂಗಳೂರಿನಲ್ಲೇ ಆಗಬೇಕೆಂದರೆ, ಜುಲೈ ಮತ್ತು ಆಗಸ್ಟ್ ಎರಡು ತಿಂಗಳ ಮಟ್ಟಿಗೆ ಅವರು ನಿಮ್ಮ ಮನೆಗೆ ಬಂದಿದ್ದು ಹಬ್ಬಗಳ ಹೊತ್ತಿಗೆ ಊರಿಗೆ ಮರಳಲಿ.